ತೋಟದ ಫೋಟೋಗೆ ಬೆಳಕು ಎಷ್ಟು ಬಿಡಬೇಕು?

ಅಡಿಕೆ ಮರದ ತಲೆಯ ಫೋಟೋ ತೆಗೆದವರಿಗೆಲ್ಲ ಈ ತೊಂದರೆ ಗೊತ್ತು. ಬುಡದಲ್ಲಿ ನಿಂತು ಮೇಲೆ ನೋಡಿದರೆ ಸೋಗೆ ಹಳದಿಯಾಗಿದ್ದು, ತುದಿ ಒಣಗಿದ್ದು, ಎಲೆಯ ಮೇಲಿನ ಚುಕ್ಕಿ ಎಲ್ಲವೂ ಕಣ್ಣಿಗೆ ಚೆನ್ನಾಗಿ ಕಾಣ್ತದೆ. ಫೋಟೋದಲ್ಲಿ ನೋಡಿದರೆ ಆಕಾಶ ಸುಣ್ಣ ಬಳಿದ ಹಾಗೆ ಬಿಳಿ, ಮರದ ತಲೆ ಮಸಿ ಹಚ್ಚಿದ ಹಾಗೆ ಕಪ್ಪು. ಹಳದಿಯೂ ಇಲ್ಲ, ಚುಕ್ಕಿಯೂ ಇಲ್ಲ. ಕೊಪ್ಪದ ಕಡೆ ಇರುವ ನಮ್ಮ ಬೀಗರು ಇಂಥದೇ ಒಂದು ಫೋಟೋ ತೋರಿಸಿ, "ಬೀಗರೇ, ಕಣ್ಣಿಗೆ ಇಷ್ಟು ಕಾಣೋದು ಫೋಟೋದಲ್ಲಿ ಯಾಕೆ ಕಾಣಲ್ಲ? ಮೊಬೈಲ್ ಹಾಳಾಗಿದೆಯಾ?" ಎಂದು ಕೇಳಿದರು. ಮೊಬೈಲ್ ಸರಿಯಾಗಿಯೇ ಇತ್ತು. ಆಕಾಶ ಬೇಕೋ ಸೋಗೆ ಬೇಕೋ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕಿನ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮಳೆಗಾಲದ ಕೊಳೆ, ಧರೆ ಕುಸಿತ ಇದ್ದದ್ದೇ. ಈಗ ಯಾವುದಕ್ಕೂ ಫೋಟೋ ಬೇಕು. ರೋಗ ಏನೆಂದು ವಿಜ್ಞಾನಿಗಳನ್ನು ಕೇಳಲು ಫೋಟೋ, ನಷ್ಟದ ಅರ್ಜಿಗೆ ಫೋಟೋ. 2020ರಿಂದ ಬೆಳೆ ಸಮೀಕ್ಷೆಯ ಆಪ್‌ಗೆ ರೈತರೇ ಫೋಟೋ ತೆಗೆದು ಹಾಕುವ ಏರ್ಪಾಡೂ ಬಂದಿದೆ. ಫೋಟೋ ಕಪ್ಪಾದರೆ ರೋಗ ಬಿದ್ದ ತೋಟ ಚೆನ್ನಾಗಿರುವ ಹಾಗೆ ಕಾಣ್ತದೆ. ಬೆಳ್ಳಗಾದರೆ ಚೆನ್ನಾಗಿರುವ ತೋಟ ಬಾಡಿದ ಹಾಗೆ ಕಾಣ್ತದೆ. ಎರಡೂ ಸುಳ್ಳೇ. ಹಾಗಾಗಿ ಬೆಳಕನ್ನು ಹದವಾಗಿ ಬಿಡುವುದು, ಅಂದರೆ ಎಕ್ಸ್‌ಪೋಷರ್ ಸರಿ ಮಾಡುವುದು, ಸ್ಟುಡಿಯೋದವರ ಕೆಲಸ ಎಂದು ನಾವು ಬಿಡುವ ಹಾಗಿಲ್ಲ.

ನಾನು ಕಡೂರು ಕಡೆ ಬಯಲುಸೀಮೆಯವ. ಮಳೆ ನಂಬಿದ ರಾಗಿ ಹೊಲ ನನ್ನದು. ನಮ್ಮಲ್ಲಿ ಆಕಾಶ ಅಗಲ, ನೆಲ ಬಯಲು. ಬಿಸಿಲು ಬಿತ್ತೆಂದರೆ ಹೊಲದ ಈ ತುದಿಗೂ ಆ ತುದಿಗೂ ಒಂದೇ ಬೆಳಕು. ಬೆಳಿಗ್ಗೆ ಒಮ್ಮೆ ಕ್ಯಾಮೆರಾ ಹೊಂದಿಸಿದರೆ ಮಧ್ಯಾಹ್ನದವರೆಗೆ ಹೆಚ್ಚು ಕೈ ಹಾಕುವ ಕೆಲಸ ಇಲ್ಲ. ಮಲೆನಾಡಿನಲ್ಲಿ ಹಾಗಲ್ಲ. ಅಂಗಳದಲ್ಲಿ ಒಂದು ಬೆಳಕು, ತೋಟಕ್ಕೆ ಹತ್ತು ಹೆಜ್ಜೆ ಇಳಿದರೆ ಇನ್ನೊಂದು, ಹಳ್ಳದ ಹತ್ತಿರ ಮತ್ತೊಂದು. ಎರಡೂ ಕಡೆ ತೆಗೆದು ನೋಡಿ ಕಲಿತ ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ಹೆಚ್ಚಿನ ಓದು ಬೇಡ. ಎರಡರಿಂದ ಗುಣಿಸಲು, ಎರಡರಿಂದ ಭಾಗಿಸಲು ಬಂದರೆ ಸಾಕು.

ಕಣ್ಣು ಬೇರೆ, ಕ್ಯಾಮೆರಾ ಬೇರೆ

ನಮ್ಮ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ಆಕಾಶ ನೋಡುವಾಗ ಪಾಪೆ ಕಿರಿದಾಗ್ತದೆ, ನೆರಳು ನೋಡುವಾಗ ಅಗಲವಾಗ್ತದೆ. ಎರಡನ್ನೂ ಸೇರಿಸಿ ತಲೆ ಒಂದೇ ಚಿತ್ರ ಮಾಡಿಕೊಳ್ಳುತ್ತದೆ. ಕ್ಯಾಮೆರಾ ಹಾಗೆ ಮಾಡಲಾರದು. ಒಂದು ಸಲ ಬಾಗಿಲು ತೆಗೆದು ಮುಚ್ಚಿದಾಗ ಆಕಾಶಕ್ಕೂ ನೆರಳಿಗೂ ಒಂದೇ ಅಳತೆ. ಬಿಸಿಲು ಬಿದ್ದ ಅಂಗಳದಲ್ಲಿರುವ ಬೆಳಕಿನ ಮೂವತ್ತರಲ್ಲಿ, ಅರವತ್ತರಲ್ಲಿ ಒಂದು ಪಾಲು ಮಾತ್ರ ದಟ್ಟ ತೋಟದ ಒಳಗೆ ಇರುವುದುಂಟು. ಇಷ್ಟು ಅಂತರ ಇರುವ ಎರಡನ್ನೂ ಒಂದೇ ಫೋಟೋದಲ್ಲಿ ಸರಿಯಾಗಿ ಹಿಡಿಯಲು ಕ್ಯಾಮೆರಾ ತಿಣುಕುತ್ತದೆ.

ಇನ್ನೊಂದು ಸಂಗತಿ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಇದೆ. ಎದುರಿಗಿರುವುದು ಗದ್ದೆಯೋ ಮೋಡವೋ ಅದಕ್ಕೆ ತಿಳಿಯದು. ಬಂದ ಬೆಳಕನ್ನೆಲ್ಲ ಕೂಡಿಸಿ ಸರಾಸರಿ ತೆಗೆದು, ಆ ಸರಾಸರಿಯನ್ನು ನಡುಮಟ್ಟದ ಬೂದುಬಣ್ಣಕ್ಕೆ ತಂದು ನಿಲ್ಲಿಸುತ್ತದೆ. ಫೋಟೋಗ್ರಾಫರುಗಳು ಇದಕ್ಕೆ ಒಂದು ಲೆಕ್ಕ ಇಟ್ಟಿದ್ದಾರೆ: ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ವಾಪಸ್ ಕಳಿಸುವ ಬೂದು. ಒಂದು ಕರಿ ಎಮ್ಮೆಯ ಮೈ ಫೋಟೋ ತುಂಬ ಬರುವ ಹಾಗೆ ತೆಗೆಯಿರಿ, ಎಮ್ಮೆ ಬೂದಾಗಿ ಬರ್ತದೆ. ಬಿಳಿ ಹಸುವಿನ ಮೈ ಹಾಗೇ ತೆಗೆಯಿರಿ, ಅದೂ ಬೂದಾಗಿ ಬರ್ತದೆ. ಈಗಿನ ಮೊಬೈಲುಗಳು ಮುಖ ಯಾವುದು, ಆಕಾಶ ಯಾವುದು ಎಂದು ಸ್ವಲ್ಪ ಮಟ್ಟಿಗೆ ಗುರುತಿಸುತ್ತವೆ. ಆದರೆ ನಿಮಗೆ ಬೇಕಾದ್ದು ಮೂರನೇ ಸಾಲಿನ ಹಳದಿ ಸೋಗೆ ಎಂಬುದು ಅವಕ್ಕೂ ಗೊತ್ತಿಲ್ಲ.

ಅಮೆರಿಕದ ಆನ್ಸೆಲ್ ಆಡಮ್ಸ್ ಬೆಟ್ಟಗುಡ್ಡಗಳ ಕಪ್ಪು-ಬಿಳುಪು ಫೋಟೋಗಳಿಗೆ ಹೆಸರಾದವರು. 1902ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡರು. ಫ್ರೆಡ್ ಆರ್ಚರ್ ಎಂಬುವರ ಜೊತೆ ಸೇರಿ 1940ರ ಆಸುಪಾಸಿನಲ್ಲಿ ಅವರೊಂದು ಪದ್ಧತಿ ಮಾಡಿದರು. ಕಡುಗಪ್ಪಿಗೆ ಸೊನ್ನೆ, ಅಪ್ಪಟ ಬಿಳಿಗೆ ಹತ್ತು, ನಡುವೆ ಮೆಟ್ಟಿಲುಗಳು. ಮೀಟರ್ ತಾನು ನೋಡಿದ್ದನ್ನೆಲ್ಲ ಐದನೇ ಮೆಟ್ಟಿಲಿಗೆ ತಂದಿಡುತ್ತದೆ. ಇದು ಐದನೆಯದಲ್ಲ, ಏಳನೆಯದು ಎಂದು ಹೇಳಿ ಮೇಲಿನ ಮೆಟ್ಟಿಲಿಗೆ ಹತ್ತಿಸುವವನು ಕ್ಯಾಮೆರಾ ಹಿಡಿದವನು. ಈ ಪಾಠದ ತಿರುಳೇ ಇದು. ಅಳೆಯುವುದು ಕ್ಯಾಮೆರಾದ ಕೆಲಸ, ಎಲ್ಲಿ ಕೂರಿಸಬೇಕೆಂದು ಹೇಳುವುದು ನಮ್ಮ ಕೆಲಸ.

ಮೂರು ಗೇಟು

ಗಿಡಕ್ಕೆ ನೀರು ಬಿಡುವಾಗ ಮೂರು ನೋಡ್ತೇವೆ. ವಾಲ್ವ್ ಎಷ್ಟು ತೆರೆದಿದೆ, ಎಷ್ಟು ಹೊತ್ತು ಬಿಟ್ಟಿದ್ದೇವೆ, ಮಣ್ಣು ಎಷ್ಟು ಬೇಗ ಹೀರುತ್ತದೆ. ಕ್ಯಾಮೆರಾದಲ್ಲೂ ಮೂರೇ.

ಅಪರ್ಚರ್ ಎಂದರೆ ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಎಂಬುದು. ಅದರ ಅಂಕಿ ಹೀಗೆ ಹೋಗುತ್ತದೆ: 2.8, 4, 5.6, 8, 11, 16, 22. ಅಂಕಿ ದೊಡ್ಡದಾದಷ್ಟೂ ಬಾಯಿ ಚಿಕ್ಕದು. ಇದೊಂದು ಮಾತ್ರ ತಿರುಗುಮುರುಗು, ನೆನಪಿಡಿ.

ಶಟರ್ ಎಂದರೆ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು. ಸೆಕೆಂಡಿನ 1/500, 1/250, 1/125, 1/60, 1/30 ಹೀಗೆ.

ಐಎಸ್‌ಒ ಎಂದರೆ ಬಂದ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ. 100, 200, 400, 800, 1600. ಹೆಚ್ಚು ಮಾಡಿದರೆ ಕಡಿಮೆ ಬೆಳಕಿನಲ್ಲೂ ಫೋಟೋ ಬರ್ತದೆ, ಆದರೆ ರವೆ ಚೆಲ್ಲಿದ ಹಾಗೆ ಕಾಳುಕಾಳಾಗುತ್ತದೆ.

ಮೂರರಲ್ಲಿ ಯಾವುದನ್ನು ಒಂದು ಮನೆ ಸರಿಸಿದರೂ ಬೆಳಕು ಎರಡರಷ್ಟು ಆಗುತ್ತದೆ ಇಲ್ಲವೆ ಅರ್ಧ ಆಗುತ್ತದೆ. ಈ ಒಂದು ಮನೆಗೆ ಸ್ಟಾಪು ಎನ್ನುತ್ತಾರೆ. ಒಂದು ಕಡೆ ಒಂದು ಸ್ಟಾಪು ಕಡಿಮೆ ಮಾಡಿ, ಇನ್ನೊಂದು ಕಡೆ ಒಂದು ಸ್ಟಾಪು ಹೆಚ್ಚು ಮಾಡಿದರೆ ಬೆಳಕು ಅಷ್ಟೇ ಇರುತ್ತದೆ. ಹಾಗಾದರೆ ಯಾವುದನ್ನು ಸರಿಸಬೇಕು? ಬೆಟ್ಟದಿಂದ ಗದ್ದೆಯವರೆಗೆ ಎಲ್ಲ ಸ್ಪಷ್ಟ ಬೇಕಾದರೆ ಅಪರ್ಚರ್ 8 ಅಥವಾ 11ರಲ್ಲಿ ಇಡಿ. 16 ದಾಟಿದರೆ ಚಿತ್ರದ ಚೂಪು ಸ್ವಲ್ಪ ಹೋಗುತ್ತದೆ. ಗಾಳಿಗೆ ಸೋಗೆ ಅಲ್ಲಾಡುತ್ತಿದ್ದರೆ ಶಟರ್ 1/250 ಆದರೂ ಬೇಕು. ಕೈಯಲ್ಲೇ ಹಿಡಿದು 1/60ಕ್ಕಿಂತ ನಿಧಾನ ತೆಗೆದರೆ ನಡುಗಿದ ಚಿತ್ರ ಬರುವುದೇ ಹೆಚ್ಚು. ಸ್ಟ್ಯಾಂಡ್ ಇಲ್ಲದಿದ್ದರೆ ದಣಪೆಯ ಮೇಲೆ, ಬೇಲಿ ಗೂಟದ ಮೇಲೆ ಊರಿ ತೆಗೆಯಬಹುದು.

ಮೊಬೈಲ್ ಇರುವವರು ಗಮನಿಸಿ: ಹೆಚ್ಚಿನ ಮೊಬೈಲಿನಲ್ಲಿ ಲೆನ್ಸಿನ ಬಾಯಿ ಒಂದೇ ಅಳತೆಗೆ ಇರುತ್ತದೆ. ಅದು ಸರಿಸುವುದು ಶಟರ್ ಮತ್ತು ಐಎಸ್‌ಒ ಎರಡನ್ನೇ.

ಬಿಸಿಲಿಗೆ ಹದಿನಾರರ ಲೆಕ್ಕ

ರೋಲು ಹಾಕುವ ಕಾಲದಿಂದ ಬಂದ ಒಂದು ಲೆಕ್ಕ ಇದೆ. ಮೀಟರ್ ಇಲ್ಲದೆಯೂ ನಡೆಯುತ್ತದೆ. ಬಿಸಿಲು ಚುರುಕಾಗಿದ್ದು, ನೆಲದ ಮೇಲಿನ ನೆರಳಿನ ಅಂಚು ಕತ್ತರಿಸಿದ ಹಾಗೆ ಇದ್ದರೆ ಅಪರ್ಚರ್ 16. ಶಟರ್ ಐಎಸ್‌ಒ ಅಂಕಿಯಷ್ಟೇ. ಅಂದರೆ ಐಎಸ್‌ಒ 100 ಇದ್ದರೆ ಶಟರ್ 1/125. ಇದೇ ಬೆಳಕಿಗೆ 11 ಮತ್ತು 1/250, ಅಥವಾ 8 ಮತ್ತು 1/500 ಇಟ್ಟರೂ ಒಂದೇ.

ಬೆಳಕು ಕಡಿಮೆಯಾದ ಹಾಗೆ ಐಎಸ್‌ಒ 100, ಶಟರ್ 1/125 ಹಾಗೇ ಇಟ್ಟು ಬಾಯಿಯನ್ನು ತೆರೆಯುತ್ತ ಹೋಗಿ:

ಚುರುಕು ಬಿಸಿಲು, ನೆರಳು ಕಡುಗಪ್ಪು – 16
ತೆಳು ಮೋಡ, ನೆರಳಿನ ಅಂಚು ಮಸುಕು – 11
ಬೆಳ್ಳನೆ ಮೋಡ, ನೆರಳು ಕಂಡೂ ಕಾಣದ ಹಾಗೆ – 8
ದಟ್ಟ ಮೋಡ, ನೆರಳೇ ಇಲ್ಲ – 5.6
ಬಿಸಿಲ ದಿನ ಮನೆಯ ನೆರಳಿನಲ್ಲಿ, ತಲೆ ಮೇಲೆ ಬರೀ ಆಕಾಶ – 4

ನಮ್ಮ ಬಯಲಿಗೆ ಈ ಪಟ್ಟಿ ಬಹುಮಟ್ಟಿಗೆ ಸಾಕು. ಮಲೆನಾಡಿಗೆ ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು. ಮೋಡದ ದಿನ ದಟ್ಟ ಅಡಿಕೆ ತೋಟದ ಒಳಗೆ ನಿಂತರೆ 5.6ರ ಬೆಳಕಿಗಿಂತ ಎರಡು-ಮೂರು ಸ್ಟಾಪು ಇನ್ನೂ ಕಡಿಮೆ. ಆಗ ಬಾಯಿ 5.6ರಲ್ಲೇ ಇಟ್ಟು ಐಎಸ್‌ಒ 800ಕ್ಕೆ ಏರಿಸಿದರೆ 1/125ರಲ್ಲಿ ಕೈಯಲ್ಲೇ ತೆಗೆಯಬಹುದು. ಈ ಅಂಕಿಗಳನ್ನು ಕಲ್ಲಿನಲ್ಲಿ ಕೆತ್ತಿದ್ದೆಂದು ತಿಳಿಯಬೇಡಿ. ಇಲ್ಲಿಂದ ಶುರು ಮಾಡಿ, ಒಂದು ತೆಗೆದು ನೋಡಿ ಸರಿಸಿಕೊಳ್ಳಿ.

ಮಲೆನಾಡಿನವರು ಮೋಡವನ್ನು ಬೈಯುತ್ತಾರೆ. ಆದರೆ ತೋಟದೊಳಗಿನ ಫೋಟೋಗೆ ತೆಳು ಮೋಡದ ದಿನವೇ ಒಳ್ಳೆಯದು. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಸೋಗೆಯ ಸಂದಿನಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ಬಿಸಿಲ ಚುಕ್ಕೆ ಬೆಳ್ಳಗೆ, ಪಕ್ಕದ ನೆಲ ಕಪ್ಪಗೆ. ಅಲ್ಲಿ ಯಾವ ಲೆಕ್ಕವೂ ಪೂರ್ತಿ ಸರಿ ಬರುವುದಿಲ್ಲ. ಮೋಡ ಇದ್ದರೆ ಬೆಳಕು ಎಲ್ಲ ಕಡೆಯಿಂದ ಹರಡಿ ಬರ್ತದೆ, ಎಲೆಯ ಬಣ್ಣ ಇದ್ದ ಹಾಗೆ ಸಿಗುತ್ತದೆ.

ಬಿಳಿಗೆ ಕೂಡಿಸು, ಕಪ್ಪಿಗೆ ಕಳೆ

ಕ್ಯಾಮೆರಾ ತಾನೇ ಅಳೆದು ತೆಗೆಯುವಾಗ ನಾವು ಹೇಳಬೇಕಾದ್ದನ್ನು ಪ್ಲಸ್-ಮೈನಸ್ ಗುಂಡಿಯಲ್ಲಿ ಹೇಳಬಹುದು. ಎದುರಿಗೆ ಬಿಳಿ ಹೆಚ್ಚಿದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಲು ಬೆಳಕು ಕಡಿಮೆ ಬಿಡುತ್ತದೆ, ಆದ್ದರಿಂದ ನಾವು ಕೂಡಿಸಬೇಕು. ಕಪ್ಪು ಹೆಚ್ಚಿದ್ದರೆ ಅದನ್ನು ಬೂದು ಮಾಡಲು ಬೆಳಕು ಜಾಸ್ತಿ ಬಿಡುತ್ತದೆ, ಆದ್ದರಿಂದ ಕಳೆಯಬೇಕು. ಮೊದಲು ಕೇಳಿದಾಗ ಉಲ್ಟಾ ಅನ್ನಿಸುತ್ತದೆ. ಬೆಳ್ಳಗಿರುವುದಕ್ಕೆ ಇನ್ನೂ ಬೆಳಕೇ ಎಂದು ಕೇಳುತ್ತಾರೆ. ಎಮ್ಮೆ-ಹಸುವಿನ ಮಾತು ನೆನಪು ಮಾಡಿಕೊಂಡರೆ ಸರಿಹೋಗುತ್ತದೆ.

ಹಸಿರು ಗದ್ದೆ, ಬಿಸಿಲು ಬಿದ್ದ ಹುಲ್ಲು ಸುಮಾರು ನಡುಮಟ್ಟದವು. ಅದರ ಮೇಲೆ ಅಳೆದರೆ ಕೂಡಿಸುವುದೂ ಬೇಡ, ಕಳೆಯುವುದೂ ಬೇಡ. ಹುಲ್ಲೂ ಇಲ್ಲದಿದ್ದರೆ ಅಂಗೈ ಇದೆ. ಅದೇ ಬೆಳಕಿಗೆ ಅಂಗೈ ಹಿಡಿದು ಅದರ ಮೇಲೆ ಅಳೆದು, ಒಂದು ಸ್ಟಾಪು ಕೂಡಿಸಿ. ಅಂಗೈ ನಡುಮಟ್ಟಕ್ಕಿಂತ ಸುಮಾರು ಒಂದು ಸ್ಟಾಪು ಬೆಳಗು.

ಮೂರು ತಾಲ್ಲೂಕಿನ ಬೆಳಕು

ಚಳಿಗಾಲದ ಬೆಳಿಗ್ಗೆ ಕೊಪ್ಪದ ಕಣಿವೆಗಳಲ್ಲಿ ಮಂಜು ತುಂಬಿರುತ್ತದೆ. ಕ್ಯಾಮೆರಾ ಹೇಳಿದ ಹಾಗೆ ತೆಗೆದರೆ ಆ ಮಂಜು ಅಡುಗೆಮನೆಯ ಹೊಗೆಯ ಹಾಗೆ ಮಾಸಲು ಬರುತ್ತದೆ. +1 ಇಡಿ. ಮಂಜು ಇಡೀ ಚಿತ್ರ ತುಂಬಿದ್ದರೆ +1.5 ವರೆಗೂ ಹೋಗಬಹುದು. ಸೂರ್ಯ ಬೆಟ್ಟದ ಮೇಲೆ ಬಂದ ಮೇಲೆ ಐದು ನಿಮಿಷಕ್ಕೊಮ್ಮೆ ಬೆಳಕು ಬದಲಾಗುತ್ತದೆ. ಪ್ರತಿ ಸಲ ಹೊಸದಾಗಿ ಅಳೆಯಿರಿ.

ಶೃಂಗೇರಿ ತಾಲ್ಲೂಕಿನ ಕಿಗ್ಗದ ಹತ್ತಿರ ಸಿರಿಮನೆ ಅಬ್ಬಿ ಇದೆ. ಬಿಳಿ ನೀರು, ಸುತ್ತ ಒದ್ದೆಯಾದ ಕರಿ ಬಂಡೆ, ಕಡು ಹಸಿರು ಕಾಡು. ಚಿತ್ರದಲ್ಲಿ ಕಪ್ಪೇ ಹೆಚ್ಚು. ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕು ಜಾಸ್ತಿ ಬಿಡುತ್ತದೆ, ನೀರು ಗೆರೆಯೇ ಇಲ್ಲದ ಬಿಳಿ ಪಟ್ಟಿಯಾಗುತ್ತದೆ. ಇಲ್ಲಿ ಕಳೆಯಬೇಕು, -1ರ ಆಸುಪಾಸು. ನೀರು ನೂಲಿನ ಹಾಗೆ ಕಾಣಬೇಕೆಂದರೆ ಮೋಡದ ದಿನ ಸ್ಟ್ಯಾಂಡಿನ ಮೇಲೆ ಐಎಸ್‌ಒ 100, ಅಪರ್ಚರ್ 16 ಇಟ್ಟು ಸೆಕೆಂಡಿನ 1/4ರಿಂದ ಶುರು ಮಾಡಿ ನೋಡಿ.

ಶೃಂಗೇರಿಯಲ್ಲಿ ತುಂಗೆಯ ದಡದ ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು. ಅಲ್ಲಿ ಹನ್ನೆರಡು ರಾಶಿಗಳ ಕಂಬಗಳಿವೆ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬಕ್ಕೆ ಬಿಸಿಲು ಬೀಳುವ ಹಾಗೆ ಕಟ್ಟಿದ್ದಾರೆಂದು ಹೇಳುತ್ತಾರೆ. ಬಿಸಿಲು ಬರುವ ದಿಕ್ಕು ತಿಂಗಳು ತಿಂಗಳಿಗೆ ಬದಲಾಗುವುದನ್ನು ಹಳಬರು ಎಷ್ಟು ಗಮನಿಸಿದ್ದರು ನೋಡಿ. ಫೋಟೋ ತೆಗೆಯುವವರಿಗೂ ಅದೇ ಪಾಠ. ಹೊರಗಿನ ಕಲ್ಲು ಒಣಗಿದ್ದಾಗ ನಡುಮಟ್ಟಕ್ಕೆ ಹತ್ತಿರ, ಮಳೆಯಲ್ಲಿ ನೆನೆದರೆ ಕಪ್ಪು. ಒಂದೇ ಗೋಡೆಗೆ ಎರಡು ದಿನ ಎರಡು ಲೆಕ್ಕ.

ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿದ ಮೇಲೆ ಅದರ ಹಿನ್ನೀರು ಈ ತಾಲ್ಲೂಕಿನವರೆಗೆ ಬಂತು, ಊರು-ಗದ್ದೆಗಳು ಮುಳುಗಿದವು. ಈಗ ಸಂಜೆ ಹಿನ್ನೀರಿನ ಫೋಟೋ ತೆಗೆಯುವವರು ಬಹಳ. ಸೂರ್ಯ ಮತ್ತು ನೀರಿನ ಮಿಂಚು ಎರಡೂ ಚಿತ್ರದಲ್ಲಿದ್ದರೆ ಕ್ಯಾಮೆರಾ ಹೆದರಿ ಎಲ್ಲವನ್ನೂ ಕಪ್ಪು ಮಾಡುತ್ತದೆ. ಸೂರ್ಯನನ್ನು ಬಿಟ್ಟು ಪಕ್ಕದ ಆಕಾಶದ ಮೇಲೆ ಅಳೆದು, ಆ ಅಳತೆಯನ್ನು ಲಾಕ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ತೆಗೆಯಿರಿ. ಆಕಾಶದ ಕೆಂಪು ಉಳಿಯುತ್ತದೆ, ದಡದ ಮರಗಳು ಕಪ್ಪು ನೆರಳಾಗುತ್ತವೆ. ಅಂಥ ಚಿತ್ರದಲ್ಲಿ ಅದೇ ಚಂದ. ಒಂದು ಎಚ್ಚರಿಕೆ: ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ನೋಡುವ ಕ್ಯಾಮೆರಾದಲ್ಲಿ ಸೂರ್ಯನನ್ನು ನೇರ ನೋಡಬೇಡಿ. ಕಣ್ಣು ಹೋಗುತ್ತದೆ.

ಅಡಿಕೆ ತಲೆಗೆ ಆಕಾಶವೇ ಅಡ್ಡಿ

ಈಗ ಮೊದಲಿನ ತೊಂದರೆಗೆ ಬರೋಣ. ಮರದ ತಲೆ ಕಪ್ಪಾಗುವುದಕ್ಕೆ ಹಿಂದಿನ ಆಕಾಶ ಕಾರಣ. ಇದಕ್ಕೆ ಮೂರು ಉಪಾಯ.

ಒಂದು, ಆಕಾಶವನ್ನು ಚಿತ್ರದಿಂದಲೇ ತೆಗೆಯುವುದು. ಮಲೆನಾಡಿನ ತೋಟಗಳು ಹೆಚ್ಚಾಗಿ ಕಣಿವೆಯಲ್ಲಿವೆ, ಎರಡೂ ಕಡೆ ಗುಡ್ಡ. ಧರೆಯ ಮೇಲೆ, ಗುಡ್ಡದ ರಸ್ತೆಯ ಮೇಲೆ ನಿಂತು ಕೆಳಕ್ಕೆ ನೋಡಿ ತೆಗೆಯಿರಿ. ಆಗ ಸೋಗೆಯ ಹಿಂದೆ ಎದುರು ಗುಡ್ಡದ ಕಾಡು ಬರುತ್ತದೆ. ಕಡು ಹಸಿರಿನ ಮುಂದೆ ಹಳದಿ ಎದ್ದು ಕಾಣುತ್ತದೆ. ಬಯಲಿನವರಿಗೆ ಇಂಥ ಗುಡ್ಡ ಸಿಗುವುದಿಲ್ಲ. ಇದು ಮಲೆನಾಡಿನ ಭಾಗ್ಯ, ಬಳಸಿಕೊಳ್ಳಿ.

ಎರಡು, ಸೂರ್ಯನನ್ನು ಬೆನ್ನಿಗೆ, ಇಲ್ಲವೆ ಒಂದು ಹೆಗಲಿಗೆ ಇಟ್ಟುಕೊಳ್ಳುವುದು. ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ನಂತರ ಬಿಸಿಲು ಓರೆಯಾಗಿ ಬಿದ್ದು ಸೋಗೆಯ ಬದಿ ಬೆಳಗುತ್ತದೆ. ಆದರೆ ಕಣಿವೆಗೆ ಬಿಸಿಲು ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ನಿಮ್ಮ ತೋಟಕ್ಕೆ ಬಿಸಿಲು ಯಾವಾಗ ಬರುತ್ತದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ.

ಮೂರು, ಕೆಳಗಿನಿಂದಲೇ ತೆಗೆಯಬೇಕಾಗಿ ಬಂದರೆ ಬೆಳಕು ಕೂಡಿಸುವುದು. +1ರಿಂದ ಶುರು ಮಾಡಿ +2 ವರೆಗೆ ಹೋಗಿ. ಆಕಾಶ ಪೂರಾ ಬಿಳಿಯಾಗುತ್ತದೆ. ಆಗಲಿ ಬಿಡಿ, ನಿಮಗೆ ಬೇಕಾದ್ದು ಸೋಗೆ. ಎರಡೂ ಸಿಗದ ಕಡೆ ಯಾವುದನ್ನು ಬಿಡಬೇಕೆಂದು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು.

ಎಲೆಚುಕ್ಕಿಯನ್ನು ತೋರಿಸಲು ಈ ಮೂರಕ್ಕಿಂತ ಒಳ್ಳೆಯದು, ಬಿದ್ದ ಸೋಗೆಯನ್ನು ಮನೆಯ ನೆರಳಿಗೆ ತಂದು ನೆಲದ ಮೇಲೆ ಹರಡಿ ಹತ್ತಿರದಿಂದ ತೆಗೆಯುವುದು. ಅದರ ಜೊತೆಗೆ ಧರೆಯಿಂದ ತೆಗೆದ ಇಡೀ ತೋಟದ ಫೋಟೋ ಒಂದು ಇರಲಿ. ಒಂದು ರೋಗ ಏನೆಂದು ಹೇಳುತ್ತದೆ, ಇನ್ನೊಂದು ಎಷ್ಟು ಹರಡಿದೆ ಎಂದು ಹೇಳುತ್ತದೆ.

ಮೊಬೈಲಿನಲ್ಲಿ ಮಾಡುವ ರೀತಿ

ಹೆಚ್ಚಿನವರ ಕೈಯಲ್ಲಿರುವುದು ಮೊಬೈಲೇ. ಪರದೆಯ ಮೇಲೆ ನಿಮಗೆ ಬೇಕಾದ ಕಡೆ, ಅಂದರೆ ಸೋಗೆಯ ಮೇಲೋ ಗದ್ದೆಯ ಮೇಲೋ, ಬೆರಳಿಂದ ಒತ್ತಿ. ಮೊಬೈಲು ಅಲ್ಲಿಯ ಬೆಳಕನ್ನು ಅಳೆಯುತ್ತದೆ. ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತೋ ಒಂದು ಗೆರೆಯೋ ಬರುತ್ತದೆ. ಅದನ್ನು ಮೇಲೆ ಎಳೆದರೆ ಬೆಳಕು ಹೆಚ್ಚು, ಕೆಳಗೆ ಎಳೆದರೆ ಕಡಿಮೆ. ಬೆರಳನ್ನು ಎರಡು-ಮೂರು ಸೆಕೆಂಡು ಒತ್ತಿ ಹಿಡಿದರೆ ಬಹಳ ಮೊಬೈಲುಗಳಲ್ಲಿ ಆ ಅಳತೆ ಲಾಕ್ ಆಗುತ್ತದೆ.

ಎಚ್‌ಡಿಆರ್ ಎಂಬುದು ಇನ್ನೊಂದು. ಮೊಬೈಲು ಬೇರೆ ಬೇರೆ ಬೆಳಕಿಗೆ ಹಲವು ಚಿತ್ರ ತೆಗೆದು, ಆಕಾಶವನ್ನು ಒಂದರಿಂದಲೂ ನೆರಳನ್ನು ಇನ್ನೊಂದರಿಂದಲೂ ಸೇರಿಸುತ್ತದೆ. ಬೆಟ್ಟ, ಗದ್ದೆ, ಆಕಾಶ ಮೂರೂ ಇರುವ ಚಿತ್ರಕ್ಕೆ ಇದು ಉಪಯೋಗ. ಗಾಳಿಗೆ ಸೋಗೆ ಅಲ್ಲಾಡುತ್ತಿದ್ದರೆ ಮಾತ್ರ ಅಂಚು ಎರಡೆರಡಾಗಿ ಬರುವುದುಂಟು. ಜೊತೆಗೆ ಎಚ್‌ಡಿಆರ್ ಬಣ್ಣವನ್ನೂ ತಿದ್ದುತ್ತದೆ. ರೋಗದ ಬಣ್ಣ ತೋರಿಸುವ ಫೋಟೋಗೆ ಅದನ್ನು ಆಫ್ ಮಾಡಿ ಇನ್ನೊಂದು ತೆಗೆದಿಟ್ಟುಕೊಳ್ಳಿ.

ಪಂಚೆಯ ನೆರಿಗೆ ಪರೀಕ್ಷೆ

ರೋಲಿನ ಕಾಲದಲ್ಲಿ ತೊಳೆಸಿ ಬರುವವರೆಗೆ ಏನಾಗಿದೆ ಎಂದು ತಿಳಿಯುತ್ತಿರಲಿಲ್ಲ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಹಕ್ಕಿಗಳ ಫೋಟೋ ತೆಗೆದ ಪೂರ್ಣಚಂದ್ರ ತೇಜಸ್ವಿಯವರು ಆ ಕಾಲವನ್ನೂ ಕಂಡವರು. ಈಗ ತೆಗೆದ ಕೂಡಲೇ ನೋಡಬಹುದು. ಆದರೆ ಬಿಸಿಲಿನಲ್ಲಿ ನಿಂತು ಪರದೆ ನೋಡಿದರೆ ಚಿತ್ರ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ನೆರಳಿಗೆ ಬಂದು ನೋಡಿ.

ಕ್ಯಾಮೆರಾದಲ್ಲಿ ಹಿಸ್ಟೋಗ್ರಾಂ ಎಂಬ ಗುಡ್ಡದ ಚಿತ್ರ ಬರುತ್ತದೆ. ಎಡಗಡೆ ಕಪ್ಪಿನ ರಾಶಿ, ಬಲಗಡೆ ಬಿಳಿಯ ರಾಶಿ. ಗುಡ್ಡ ಬಲಗಡೆ ಗೋಡೆಗೆ ಬಡಿದು ನಿಂತಿದ್ದರೆ ಎಲ್ಲೋ ಬಿಳಿ ಕೊಚ್ಚಿಹೋಗಿದೆ ಎಂದು ಅರ್ಥ. ಡಿಜಿಟಲ್‌ನಲ್ಲಿ ಹಾಗೆ ಹೋದದ್ದನ್ನು ಆಮೇಲೆ ವಾಪಸ್ ತರಲಾಗುವುದಿಲ್ಲ. ಕಪ್ಪಾಗಿದ್ದನ್ನು ಸ್ವಲ್ಪ ಮಟ್ಟಿಗೆ ಎತ್ತಬಹುದು. ಹಾಗಾಗಿ ಅನುಮಾನ ಬಂದರೆ, ನಿಮಗೆ ಬೇಕಾದ ವಸ್ತು ಬಿಳಿಯಾಗಿ ಹೋಗದ ಹಾಗೆ ನೋಡಿಕೊಳ್ಳಿ. ರೋಲಿನ ನೆಗೆಟಿವ್‌ನಲ್ಲಿ ಇದು ತಿರುಗುಮುರುಗು ಇತ್ತು. ಅದು ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತಿತ್ತು, ಕಡಿಮೆಯಾದರೆ ಕೆಡುತ್ತಿತ್ತು. ಹಳೆ ಕ್ಯಾಮೆರಾ ಬಳಸಿದವರು ಈ ವ್ಯತ್ಯಾಸ ನೆನಪಿಡಬೇಕು.

ಹಿಸ್ಟೋಗ್ರಾಂ ಇಲ್ಲದವರಿಗೆ ಒಂದು ಸುಲಭದ ಪರೀಕ್ಷೆ. ಫೋಟೋದ ಮೂಲೆಯಲ್ಲಿ, ತೋಟಕ್ಕೆ ಬಿದ್ದ ಬೆಳಕೇ ಬೀಳುವ ಕಡೆ, ಒಂದು ಬಿಳಿ ಪಂಚೆಯನ್ನು ನೆರಿಗೆ ಮಾಡಿ ನೇತುಹಾಕಿ. ಫೋಟೋದಲ್ಲಿ ಪಂಚೆ ಬಿಳಿಯಾಗಿರಬೇಕು, ನೆರಿಗೆಯೂ ಕಾಣಬೇಕು. ನೆರಿಗೆ ಮಾಯವಾಗಿದ್ದರೆ ಬೆಳಕು ಹೆಚ್ಚಾಗಿದೆ. ಪಂಚೆ ಮಾಸಿದ ಹಾಗಿದ್ದರೆ ಬೆಳಕು ಸಾಲದು. ಮುಖ್ಯ ಫೋಟೋ ಆದರೆ ಮೂರು ತೆಗೆದುಬಿಡಿ: ಕ್ಯಾಮೆರಾ ಹೇಳಿದ್ದು ಒಂದು, +1 ಒಂದು, -1 ಒಂದು. ಈಗ ರೋಲಿನ ಖರ್ಚಿಲ್ಲ.

ವರ್ಷವೂ ಅದೇ ಜಾಗ, ಅದೇ ಅಂಕಿ

ಹಳದಿ ಎಲೆ ರೋಗ ಒಂದು ರಾತ್ರಿಗೆ ಬರುವುದಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಹರಡುತ್ತದೆ. ಒಂದು ಫೋಟೋದಿಂದ ಅದನ್ನು ತೋರಿಸಲಾಗುವುದಿಲ್ಲ, ಹತ್ತು ವರ್ಷದ ಹತ್ತು ಫೋಟೋ ಬೇಕು. ಹಾಗೆ ಹೋಲಿಸಬೇಕಾದರೆ ಹತ್ತರಲ್ಲೂ ಬೆಳಕು ಒಂದೇ ಇರಬೇಕು. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಒಂದು ವರ್ಷ ಬೆಳ್ಳಗೆ, ಇನ್ನೊಂದು ವರ್ಷ ಕಪ್ಪಗೆ ಮಾಡುತ್ತದೆ. ತೋಟ ಹಳದಿಯಾಯಿತೋ ಫೋಟೋ ಹಳದಿಯಾಯಿತೋ ತಿಳಿಯುವುದಿಲ್ಲ.

ತೋಟ ಪೂರ್ತಿ ಕಾಣುವ ಒಂದು ಜಾಗ ಗುರುತು ಮಾಡಿ ಕಲ್ಲು ನೆಡಿ. ವರ್ಷವೂ ಅದೇ ತಿಂಗಳು, ಮೋಡ ಇಲ್ಲದ ದಿನ, ಅದೇ ಗಂಟೆಗೆ ಆ ಕಲ್ಲಿನ ಹತ್ತಿರ ನಿಂತು ತೆಗೆಯಿರಿ. ಐಎಸ್‌ಒ, ಅಪರ್ಚರ್, ಶಟರ್ ಮೂರನ್ನೂ ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ವರ್ಷ ಅವನ್ನೇ ಇಡಿ. ಮೊಬೈಲ್ ಆದರೆ ಪಂಚೆಯ ನೆರಿಗೆ ಅಷ್ಟೇ ಕಾಣುವ ಹಾಗೆ ಹೊಂದಿಸಿಕೊಳ್ಳಿ. ಬಣ್ಣದ ಹೊಂದಾಣಿಕೆ, ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ, ಅದನ್ನು ಆಟೋದಿಂದ ತೆಗೆದು ಬಿಸಿಲಿನ ಗುರುತಿಗೆ ಇಡಿ. ಇಲ್ಲದಿದ್ದರೆ ಕ್ಯಾಮೆರಾ ಹಳದಿಯನ್ನು ತಾನಾಗಿ ತಿದ್ದಿಬಿಡಬಹುದು. ಫೋಟೋಗೆ ತಾರೀಖು, ತೋಟದ ಸರ್ವೆ ನಂಬರ್ ಬರೆದು ಎರಡು ಕಡೆ ಇಡಿ. ಮೊಬೈಲ್ ನೀರಿಗೆ ಬಿದ್ದರೂ ಒಂದು ಉಳಿಯುತ್ತದೆ.

ತೋಟಕ್ಕೆ ಮಾತ್ರ ಅಲ್ಲ, ಧರೆಗೂ ಇದೇ ಕ್ರಮ ಮಾಡಬಹುದು. ಮಳೆಗಾಲಕ್ಕೆ ಮುಂಚೆ ಒಂದು, ಮುಗಿದ ಮೇಲೆ ಒಂದು. ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಮಣ್ಣು ಜಾರಿದೆ ಎಂದು ಪಕ್ಕಪಕ್ಕ ಇಟ್ಟು ನೋಡಬಹುದು.

ಒಂದು ಬೆಳಗಿನ ಅಭ್ಯಾಸ

ಓದಿ ಮರೆತುಹೋಗುವ ಮೊದಲು ಒಂದು ದಿನ ಬೆಳಿಗ್ಗೆ ಇಷ್ಟು ಮಾಡಿ. ಅಂಗಳದಲ್ಲಿ ಬಿಳಿ ಪಂಚೆಯನ್ನು ಚಿತ್ರ ತುಂಬ ತೆಗೆಯಿರಿ, ಆಮೇಲೆ ಕರಿ ಕಂಬಳಿಯನ್ನು. ಎರಡೂ ಬೂದಾಗಿ ಬರುವುದನ್ನು ಕಣ್ಣಾರೆ ನೋಡಿ. ಪಂಚೆಗೆ ಕೂಡಿಸಿ, ಕಂಬಳಿಗೆ ಕಳೆದು ಮತ್ತೆ ತೆಗೆಯಿರಿ. ಆಮೇಲೆ ತೋಟಕ್ಕೆ ಇಳಿದು ಒಂದೇ ಮರದ ತಲೆಯನ್ನು ಕೆಳಗಿನಿಂದ ಆಟೋ, +1, +2 ಎಂದು ಮೂರು ಸಲ ತೆಗೆಯಿರಿ. ಕೊನೆಗೆ ಧರೆ ಹತ್ತಿ, ಎದುರು ಗುಡ್ಡ ಹಿಂದೆ ಬರುವ ಹಾಗೆ ಅದೇ ಮರವನ್ನು ತೆಗೆಯಿರಿ. ಒಟ್ಟು ಎಂಟು ಫೋಟೋ, ಅರ್ಧ ಗಂಟೆಯ ಕೆಲಸ. ಮನೆಗೆ ಬಂದು ಎಂಟನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ತೋಟಕ್ಕೆ, ನಿಮ್ಮ ಕ್ಯಾಮೆರಾಕ್ಕೆ ಎಷ್ಟು ಕೂಡಿಸಬೇಕು ಎಂಬ ಅಂಕಿ ನಿಮಗೇ ಸಿಗುತ್ತದೆ. ಅದನ್ನು ಮೊಬೈಲಿನ ಕವರಿನ ಒಳಗೆ ಚೀಟಿ ಬರೆದು ಇಟ್ಟುಕೊಳ್ಳಿ. ಮುಂದಿನ ಸಲ ತೋಟ ನೋಡಲು ಯಾರಾದರೂ ಬಂದಾಗ ತಡಕಾಡುವ ಕೆಲಸ ಇರುವುದಿಲ್ಲ.